ಕಡಲ ಮುಂದೆ ಕೂತ ಚನ್ನಪ್ಪ ಮಾವ

ಚನ್ನಪ್ಪ ಮಾವ ನಮ್ಮ ಮನೆಗೆ ಬಂದರೆ ಬೈಕಿನ ಇಂಜಿನ್ ಆಫ್ ಮಾಡುತ್ತಿರಲಿಲ್ಲ. ಹಿಂದೂಪುರದಿಂದ ಕಲ್ಯಾಣದುರ್ಗದವರೆಗೆ ಬಿಸಿಲಲ್ಲಿ ಬಂದವನು, ಗಾಡಿ ಗುಡುಗುಡು ಅನ್ನುತ್ತಿರುವಾಗಲೇ ಬಾಗಿಲ ಮುಂದೆ ಒಂದು ಕಾಲೂರಿ ನಿಂತು, "ಎಲ್ಲಾ ಚೆನ್ನಾಗಿದ್ದೀರೇನಕ್ಕಾ?" ಎಂದು ಕೂಗುತ್ತಿದ್ದ. ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು, "ಇಳಿಯೋ, ಒಂದು ತುತ್ತು ತಿಂದ್ಕಂಡು ಹೋಗುವಂತೆ" ಅಂದರೆ, "ಇಳಿದ್ರೆ ಹೊತ್ತಾಯ್ತೈತೆ, ಇನ್ನೊಂದ್ಸಲ ಬತ್ತೀನಿ" ಅನ್ನುವನು. ಹ್ಯಾಂಡಲ್ಲಿಗೆ ನೇತುಹಾಕಿದ್ದ ಹುಣಸೆಹಣ್ಣಿನ ಚೀಲವನ್ನು ಅಮ್ಮನ ಕೈಗಿತ್ತು, ನನ್ನ ತಲೆಯ ಮೇಲೊಂದು ಮೊಟಕಿ, ಬೀದಿಯ ತುಂಬ ಹೊಗೆ ಬಿಟ್ಟು ಹೋಗಿಬಿಡುತ್ತಿದ್ದ. ಅಮ್ಮ ಆ ಚೀಲ ಹಿಡಿದು ನಿಂತು ಬೈಯುತ್ತಿದ್ದಳು. ಬೈದು ಮುಗಿಯುವ ಹೊತ್ತಿಗೆ ಅವಳ ತಮ್ಮ ಊರಾಚೆ ಇರುತ್ತಿದ್ದ.

ಕಾಯುವುದೊಂದು ಅವನ ಜಾತಕದಲ್ಲೇ ಇರಲಿಲ್ಲ. ಹಿಂದೂಪುರದ ರೈಲ್ವೆ ಗೇಟು ಹಾಕಿದ್ದರೆ, ಗಾಡಿ ತಿರುಗಿಸಿ ಊರನ್ನೆಲ್ಲ ಸುತ್ತಿ ಆಚೆ ಕಡೆಗೆ ಬರುತ್ತಿದ್ದ. ಅಷ್ಟರಲ್ಲಿ ರೈಲು ಹೋಗಿ ಗೇಟು ತೆರೆದು ಮತ್ತೆ ಹಾಕಿಯೂ ಆಗಿರುತ್ತಿತ್ತು. ಬಸ್ ನಿಲ್ದಾಣದಲ್ಲಿ ಬಸ್ಸು ತಡವಾದರೆ ಮುಂದಿನ ಸ್ಟಾಪಿಗೆ ನಡೆದುಬಿಡುತ್ತಿದ್ದ, ಅಲ್ಲೇನೋ ಬೇಗ ಬರುತ್ತದೆ ಅನ್ನುವ ಹಾಗೆ. ಮಾತಿಗೊಂದು "ಪದ ಪದ". ತೆಲುಗಿನಲ್ಲಿ ನಡಿ ನಡಿ ಅಂತ. ನಮ್ಮ ಮನೆಗಳಲ್ಲಿ ಕನ್ನಡದಲ್ಲಿ ಶುರುವಾದ ಮಾತು ತೆಲುಗಿನಲ್ಲಿ ಮುಗಿಯುವುದು ಸಾಮಾನ್ಯ. ಆದರೆ ಮಾವನ ಮಾತು ಶುರುವಾಗುವುದೂ ಮುಗಿಯುವುದೂ "ಪದ ಪದ"ದಲ್ಲೇ.

ಇಂಥವನು ದಿನಕ್ಕೊಮ್ಮೆ ಮಾತ್ರ ಕಲ್ಲಿನಂತೆ ಕೂರುತ್ತಿದ್ದ. ಅದು ಲಿಂಗಪೂಜೆಯ ಹೊತ್ತು. ಹಿಂದೂಪುರದಲ್ಲಿ ಅವನು ನಡೆಸುತ್ತಿದ್ದ ಹುಣಸೆ ಮಂಡಿಯ ಹಿಂದೆ ಅವನಿಗೊಂದು ಪುಟ್ಟ ಕೋಣೆಯಿತ್ತು. ಸ್ನಾನ ಮಾಡಿ, ವಿಭೂತಿ ಹಚ್ಚಿ, ಗೋಡೆಯ ಕಡೆ ಮುಖ ಮಾಡಿ ಕೂತು, ಕೊರಳ ಬೆಳ್ಳಿಯ ಕರಡಿಗೆಯಿಂದ ಇಷ್ಟಲಿಂಗ ತೆಗೆದು ಎಡ ಅಂಗೈಯಲ್ಲಿ ಇಟ್ಟುಕೊಂಡನೆಂದರೆ, ಹೊರಗೆ ಹರಾಜು ಕೂಗುತ್ತಿದ್ದರೂ ಕಿವಿಗೆ ಬೀಳುತ್ತಿರಲಿಲ್ಲ. ಪೂಜೆಯಾಗದೆ ಒಂದು ಗುಟುಕು ನೀರೂ ಇಲ್ಲ. ಬೆಳಿಗ್ಗೆ ಬೇಗ ಬಂದ ರೈತರ ಹುಣಸೆಯನ್ನು ಉಗುರಿನಿಂದ ಗೀರಿ ನೋಡುತ್ತಿದ್ದನೇ ಹೊರತು ನಾಲಿಗೆಗೆ ಮುಟ್ಟಿಸುತ್ತಿರಲಿಲ್ಲ. "ನಾಲಿಗೆ ಇನ್ನೂ ಎದ್ದಿಲ್ಲ ಕಣಪ್ಪ, ತಡಿ" ಅನ್ನುತ್ತಿದ್ದ. ಅವನ ಬಾಯಲ್ಲಿ 'ತಡಿ' ಅನ್ನುವ ಮಾತು ಕೇಳಬೇಕಾದರೆ ಆ ಹೊತ್ತಿಗೇ ಹೋಗಬೇಕಿತ್ತು.

ನಾನೂ ಲಿಂಗ ಕಟ್ಟಿಕೊಂಡವಳೇ. ಆದರೆ ಸ್ನಾನ ಮಾಡಿ, ಕಣ್ಣಿಗೊತ್ತಿಕೊಂಡು, ಟೀ ಕುಡಿಯುವ ಜಾತಿ ನಮ್ಮದು. ಮಾವನಿಗೆ ಅದು ಗೊತ್ತಿತ್ತು. ಆಗಾಗ ಅವನು ತನ್ನ ತಾತನ ಕಥೆ ಹೇಳುತ್ತಿದ್ದದ್ದು ನನಗೆ ಬುದ್ಧಿ ಬರಲಿ ಅಂತಲೇ ಇರಬೇಕು. ಕುಂದುರ್ಪಿ ಕಡೆಯ ಹೊಲದಲ್ಲಿ ಆ ತಾತ ಬಾವಿಗೆ ಬಗ್ಗಿ ನೀರು ಸೇದುವಾಗ ಶಿವದಾರ ಕಡಿದು ಲಿಂಗ ನೀರಿಗೆ ಬಿತ್ತಂತೆ. ತಾತ ಬಾವಿಯ ಕಟ್ಟೆಯ ಮೇಲೆ ಕೂತುಬಿಟ್ಟ. ಅನ್ನವಿಲ್ಲ, ನೀರಿಲ್ಲ. ಊರಿನ ಗಂಡಸರೆಲ್ಲ ಸೇರಿ ಎತ್ತು ಕಟ್ಟಿ ಕಪಿಲೆ ಹೂಡಿ ಬಾವಿ ಬತ್ತಿಸಿ, ಕೆಸರಿನಲ್ಲಿ ಕೈಯಾಡಿಸಿ ಲಿಂಗ ಎತ್ತಿಕೊಟ್ಟ ಮೇಲೆಯೇ ಅವನು ಬಾಯಿಗೆ ನೀರು ಬಿಟ್ಟುಕೊಂಡದ್ದು.

"ಸಿಗದೇ ಇದ್ದಿದ್ರೆ?" ಎಂದು ನಾನೊಮ್ಮೆ ಕೇಳಿದ್ದೆ.

"ಸಿಗದೇ ಇದ್ದಿದ್ರೆ ನಮ್ಮ ತಾತನೂ ಸಿಗ್ತಿರಲಿಲ್ಲ" ಅಂದ ಮಾವ, ಏನೂ ದೊಡ್ಡ ಮಾತಲ್ಲ ಅನ್ನುವ ಹಾಗೆ. "ಅದು ಹೋದ ಮ್ಯಾಲೆ ಇವ್ನಿಗೇನು ಕೆಲ್ಸ ಇಲ್ಲಿ?"

ನಾನು ಆಗ ನಕ್ಕಿದ್ದೆ.

ನನಗೆ ಬೈಕು ಕಲಿಸಿದವನೂ ಅವನೇ. ನಮ್ಮಲ್ಲಿ ಸೋದರಮಾವನ ಮಾತನ್ನು ಅಪ್ಪನೂ ತೆಗೆದುಹಾಕುವಂತಿಲ್ಲ. ಹೆಣ್ಣುಮಗಳಿಗೆ ಸ್ಕೂಟಿ ಸಾಕು ಎಂದು ಅಪ್ಪ ಗೊಣಗಿದಾಗ, "ಬಾವ, ಸ್ಕೂಟಿ ಮ್ಯಾಲೆ ಕೂತ್ರೆ ಮಗು ಮುದುಕಿ ಆಗೋಯ್ತದೆ" ಎಂದು ಬಾಯಿ ಮುಚ್ಚಿಸಿದ್ದ. ಸೋಮಂದೇಪಲ್ಲಿ ರಸ್ತೆಯಲ್ಲಿ ನನ್ನನ್ನು ಮುಂದೆ ಕೂರಿಸಿ, ತಾನು ಹಿಂದೆ ಕೂತು, "ಬ್ರೇಕು ಮುಟ್ಟಬ್ಯಾಡ ನೀಲಮ್ಮ, ಪದ ಪದ" ಎಂದು ಬೆನ್ನಿಗೆ ಗುದ್ದುತ್ತಿದ್ದ. ಬ್ರೇಕು ಹಿಡಿಯುವುದನ್ನು ನಾನು ಆಮೇಲೆ ನಾನಾಗಿಯೇ ಕಲಿತೆ. ಅತ್ತೆ ತೀರಿಹೋದ ಮೇಲೆ ಅವನಿಗೆ ಸಕ್ಕರೆ ಕಾಯಿಲೆ ಶುರುವಾಯಿತು. ನಾನು ಫಾರ್ಮಸಿ ಓದಿ ಕಲ್ಯಾಣದುರ್ಗದಲ್ಲಿ ಮೆಡಿಕಲ್ ಶಾಪ್ ಇಟ್ಟಿದ್ದೆ. ಅವನ ಇನ್ಸುಲಿನ್ನು ನನ್ನ ಅಂಗಡಿಯ ಫ್ರಿಜ್ಜಿನಿಂದಲೇ ಹೋಗುತ್ತಿತ್ತು. "ಪೂಜೆ ಮುಗಿಸಿ, ತಟ್ಟೆ ಮುಂದೆ ಕೂತ ಮ್ಯಾಲೆ ಚುಚ್ಕೋ" ಎಂದು ಎಷ್ಟು ಸಲ ಹೇಳಿದ್ದೆನೋ. ಕೇಳಿದರೆ ತಾನೆ? ಮೊದಲೇ ಚುಚ್ಚಿಕೊಂಡು ಪೂಜೆಗೆ ಕೂರುತ್ತಿದ್ದ. "ಪೂಜೆ ಆಗೋಷ್ಟರಲ್ಲಿ ಅದೂ ರಕ್ತಕ್ಕೆ ಸೇರ್ಕಂತದೆ. ಆಮ್ಯಾಲೆ ಸುಮ್ನೆ ಕಾಯೋದ್ಯಾಕೆ?" ಎಂಬುದು ಅವನ ಲೆಕ್ಕ.

ಉಳವಿಗೆ ಬೈಕಿನಲ್ಲಿ ಹೋಗಬೇಕೆಂಬುದು ಅವನ ಬಹಳ ದಿನದ ಆಸೆ. ತನ್ನ ಹೆಸರಿನ ಶರಣ ಐಕ್ಯನಾದ ಜಾಗವನ್ನು ಒಮ್ಮೆ ನೋಡಬೇಕು, ಅದೂ ಸಮುದ್ರದ ಪಕ್ಕದ ದಾರಿ ಹಿಡಿದು ಹೋಗಬೇಕು. ಅವನು ಅಲ್ಲಿಯವರೆಗೂ ಸಮುದ್ರವನ್ನೇ ನೋಡಿರಲಿಲ್ಲ. ಹುಣಸೆ ಲೋಡು ಕರಾವಳಿಗೆ ಹೋಗುತ್ತಲೇ ಇರುತ್ತದೆ, ಮೀನಿನ ಸಾರಿಗೆ ಅವರಿಗೆ ನಮ್ಮ ಹುಣಸೆಯೇ ಬೇಕು. ಅವನು ಯೋಚಿಸಿ ಯೋಚಿಸಿ ಒಂದು ಉಪಾಯ ಹೂಡಿದ. ಕುಂದಾಪುರಕ್ಕೆ ಹೋಗುವ ಲಾರಿಯಲ್ಲಿ ಮೂಟೆಗಳ ಮೇಲೆ ನಮ್ಮಿಬ್ಬರ ಬೈಕುಗಳನ್ನು ಹಗ್ಗ ಬಿಗಿದು ಕಳಿಸುವುದು. ನಾವು ಬಸ್ಸಿನಲ್ಲಿ ಮೊದಲೇ ಹೋಗಿ ಅಲ್ಲಿ ಗಾಡಿ ಇಳಿಸಿಕೊಂಡು, ಕಾರವಾರದವರೆಗೆ ಕಡಲ ಪಕ್ಕ, ಅಲ್ಲಿಂದ ಘಟ್ಟ ಹತ್ತಿ ಉಳವಿ.

ನಾವು ತಲುಪಿದೆವು. ಲಾರಿ ತಲುಪಲಿಲ್ಲ. ಘಟ್ಟದಲ್ಲಿ ಯಾವುದೋ ಟ್ಯಾಂಕರ್ ಅಡ್ಡ ಬಿದ್ದು ಗಾಡಿಗಳ ಸಾಲು ನಿಂತಿದೆ ಎಂದು ಡ್ರೈವರ್ ಖಾದರ್ ಫೋನು ಮಾಡಿದ. "ಚನ್ನಪ್ಪಣ್ಣಾ, ಇವತ್ತು ಆಗಲ್ಲಣ್ಣಾ, ನಾಳೆ ನೋಡಾಣ" ಅಂದ. ಮಾವ ಈಗ ಕುಣಿದಾಡುತ್ತಾನೆ ಎಂದು ನಾನು ಕಿವಿ ಮುಚ್ಚಿಕೊಳ್ಳಲು ಸಿದ್ಧಳಾದೆ. ಆದರೆ ನಾವು ಆಗಷ್ಟೇ ಕಡಲತೀರಕ್ಕೆ ಬಂದಿದ್ದೆವು. ಅವನು ಫೋನು ಜೇಬಿಗೆ ಹಾಕಿ, ಸೊಂಟದ ಮೇಲೆ ಕೈಯಿಟ್ಟು ನೀರಿನ ಕಡೆ ನೋಡುತ್ತ ನಿಂತ.

"ಏನಮ್ಮ ಇದು! ಇಷ್ಟೊಂದು ನೀರು ಸುಮ್ನೆ ಬಿದ್ದೈತಲ್ಲ!" ಅಂದ. ನಮ್ಮ ಸೀಮೆಯವನ ಬಾಯಲ್ಲಿ ಬೇರೇನು ಬಂದೀತು?

ಅವತ್ತಿನ ಮಾವನನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಚಪ್ಪಲಿ ಬಿಟ್ಟು, ಪಂಚೆ ಎತ್ತಿಕಟ್ಟಿ, ಅಲೆ ಬಂದಾಗ ಹಿಂದಕ್ಕೆ ಓಡಿ, ಹೋದಾಗ ಮುಂದಕ್ಕೆ ಓಡಿ, ಒಬ್ಬನೇ ನಕ್ಕ. ಮನೆಯಿಂದ ಹುರಿದು ತಂದಿದ್ದ ಕಡಲೆಕಾಯಿಯನ್ನು ಮರಳಿನ ಮೇಲೆ ಕೂತು ಬಿಡಿಸಿಕೊಂಡು ತಿಂದ. ಮಧ್ಯಾಹ್ನ ಟವೆಲ್ಲು ಮುಖದ ಮೇಲೆ ಹಾಕಿ ತೆಂಗಿನ ನೆರಳಲ್ಲಿ ಗೊರಕೆ ಹೊಡೆದ. ಹಗಲು ಹೊತ್ತು ಅವನು ಮಲಗಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಎದ್ದ ಮೇಲೂ "ಪದ ಪದ" ಅನ್ನಲಿಲ್ಲ. "ಲಾರಿ ಬಂದಾಗ ಬರ್ಲಿ ಬಿಡು, ಏನು ಬೆಂಕಿ ಬಿದ್ದೈತಾ?" ಅಂದ. ನಾನು ಅಮ್ಮನಿಗೆ ಫೋನು ಮಾಡಿ, ನಿನ್ನ ತಮ್ಮನಿಗೆ ಏನೋ ಆಗಿದೆ ಎಂದು ನಗಾಡಿದೆ. ಅವತ್ತು ಅವನು ಅಷ್ಟು ನೆಮ್ಮದಿಯಾಗಿದ್ದದ್ದೇ ತಪ್ಪಾಯಿತು ಎಂದು ಈಗ ಅನ್ನಿಸುತ್ತದೆ. ಗಡಿಬಿಡಿಯ ಮನುಷ್ಯ ಗಡಿಬಿಡಿಯಲ್ಲೇ ಇದ್ದಿದ್ದರೆ ಗೋಡೆಗೆ ಮುಖ ಮಾಡಿ ಕೂತು ಪೂಜೆ ಮುಗಿಸಿರುತ್ತಿದ್ದ.

ಮರುದಿನ ಬೆಳಿಗ್ಗೆ ಅವನು ತೀರದಲ್ಲೇ ನಾವು ಹಿಡಿದಿದ್ದ ಬಾಡಿಗೆ ಕೋಣೆಯಲ್ಲಿ ಸ್ನಾನ ಮಾಡಿ, ಹೊಟ್ಟೆಗೆ ಇನ್ಸುಲಿನ್ ಚುಚ್ಚಿಕೊಂಡು, ಪೂಜೆಗೆ ಒಂದು ತಂಬಿಗೆ ಸಿಹಿನೀರು ಹಿಡಿದು ಹೊರಟ. "ಎಲ್ಲಿಗೆ ಮಾವ?" ಅಂದೆ. "ಇಂಥ ಜಾಗ ಇಟ್ಕಂಡು ಗೋಡೆ ಮುಂದೆ ಕೂರ್ಲಾ? ಅಲ್ಲೇ ಕೂತ್ಕಂಡು ಪೂಜೆ ಮಾಡ್ಕಂಡು ಬತ್ತೀನಿ. ನೀನು ತಿಂಡಿ ರೆಡಿ ಮಾಡ್ಸು" ಅಂದ. ದಡದ ಕರಿಬಂಡೆಗಳ ಸಾಲಿನಲ್ಲಿ ನೀರಿಗೆ ಹತ್ತಿರವಾಗಿದ್ದ ಒಂದನ್ನು ಆರಿಸಿ, ಟವೆಲ್ಲು ಹಾಸಿ, ಪದ್ಮಾಸನ ಹಾಕಿ ಕೂತ. ನಾನು ನಮಗೆ ಕೋಣೆ ಕೊಟ್ಟಿದ್ದ ಅಮ್ಮನ ಹತ್ತಿರ ಇಡ್ಲಿ ಆಯಿತೇ ಎಂದು ಕೇಳುತ್ತ ಬಾಗಿಲಲ್ಲಿ ನಿಂತಿದ್ದೆ. ಅಲೆಗಳು ಬಂಡೆಯ ಬುಡಕ್ಕೆ ಬಂದು ಹೋಗುತ್ತಿದ್ದವು. ಅವನ ಎಡಗೈ ಎದೆಯ ಎತ್ತರಕ್ಕೆ ಚಾಚಿತ್ತು, ದೃಷ್ಟಿ ಅಂಗೈ ಮೇಲೆ.

ಹತ್ತು ಅಲೆ ಸುಮ್ಮನೆ ಬಂದು ಹೋದರೆ ಹನ್ನೊಂದನೆಯದು ದೊಡ್ಡದಿರುತ್ತದೆ ಎಂದು ಒಣನೆಲದವರಿಗೆ ಯಾರು ಹೇಳಬೇಕು? ನೀರು ಬಂಡೆಗೆ ಬಡಿದು ಮೇಲೆದ್ದು ಅವನನ್ನು ಪೂರ್ತಿ ಮುಚ್ಚಿತು. ಇಳಿದಾಗ ಮಾವ ಪಕ್ಕಕ್ಕೆ ವಾಲಿ ಬಲಗೈಯಿಂದ ಬಂಡೆ ಹಿಡಿದಿದ್ದ. ಎಡಗೈ ಹಾಗೇ ಚಾಚಿತ್ತು. ಅಂಗೈ ಖಾಲಿ.

ನಾನು ಓಡಿ ಹೋಗುವಷ್ಟರಲ್ಲಿ ಅವನು ಬಂಡೆಗಳ ಸಂದಿಗೆ ಇಳಿದು, ಎದೆಯವರೆಗೆ ನೀರಿನಲ್ಲಿ ನಿಂತು ತಡಕುತ್ತಿದ್ದ. ಅಲ್ಲಿದ್ದದ್ದೆಲ್ಲ ಕರಿಕಲ್ಲು. ನೀರು ಉಜ್ಜಿ ಉಜ್ಜಿ ಉರುಟಾಗಿದ್ದ, ಒದ್ದೆಯಾಗಿ ಹೊಳೆಯುತ್ತಿದ್ದ ಸಣ್ಣ ದೊಡ್ಡ ಕರಿಕಲ್ಲುಗಳು. ಲಿಂಗಕ್ಕೆ ಹಚ್ಚುವ ಕಂತಿಯೆಂಬ ಲೇಪದ ಬಣ್ಣವೂ ಅದೇ. ಅವನು ಒಂದೊಂದನ್ನೇ ಎತ್ತಿ, ಅಂಗೈಯಲ್ಲಿಟ್ಟು ನೋಡಿ, ಅಲ್ಲವೆಂದು ತಲೆ ಆಡಿಸಿ ಬಿಡುತ್ತಿದ್ದ. ನಾನೂ ಇಳಿದೆ. ಕೋಣೆಯ ಅಮ್ಮ ಸೆರಗು ಸಿಕ್ಕಿಸಿಕೊಂಡು ಬಂದು, "ಎಂತ ಹುಡ್ಕುದ್ ಮಾರಾಯ್ರೆ?" ಎಂದು ಕೇಳಿ, ವಿಷಯ ತಿಳಿದು ಆಕೆಯೂ ಮೊಣಕಾಲುದ್ದ ನೀರಿಗೆ ಬಂದಳು. ಅಲೆಗಳು ಬರುತ್ತಲೇ ಇದ್ದವು. ಕೊನೆಗೆ ಆಕೆ ಸೊಂಟ ಹಿಡಿದು ಎದ್ದು ನಿಂತು ನನಗೆ ಮಾತ್ರ ಕೇಳುವ ಹಾಗೆ, "ಸಿಕ್ಕುದಿಲ್ಲೆ ಮಗಾ. ಅವ್ರನ್ನ ಮೇಲ್ ಕರ್ಕಂಡ್ ಬಾ" ಅಂದಳು.

ಮೇಲೆ ಬಂದು ಕೂತ ಮಾವನ ಹಣೆಯನ್ನು ಅಂಗೈಯಿಂದ ಒರೆಸಿದೆ. ಆ ತಣ್ಣನೆ ಗಾಳಿಯಲ್ಲಿ, ಒದ್ದೆ ಬಟ್ಟೆಯಲ್ಲಿ, ಅವನಿಗೆ ಬೆವರು ಕಿತ್ತುಕೊಂಡು ಬರುತ್ತಿತ್ತು. ಸಮುದ್ರದ ನೀರಲ್ಲ, ಬೆವರೇ. ಒರೆಸಿದರೆ ಮತ್ತೆ ಬರುತ್ತಿತ್ತು. ಬೆರಳುಗಳು ನಡುಗುತ್ತಿದ್ದವು. ಇನ್ಸುಲಿನ್ ಒಳಗೆ ಹೋಗಿ ಎಷ್ಟೋ ಹೊತ್ತಾಗಿತ್ತು. ಹೊಟ್ಟೆಯಲ್ಲಿ ರಾತ್ರಿಯಿಂದ ಏನೂ ಇಲ್ಲ. ಇನ್ನು ಸ್ವಲ್ಪ ಹೊತ್ತಿಗೆ ಮಾತು ತೊದಲುತ್ತದೆ, ಆಮೇಲೆ ಕಣ್ಣು ಮೇಲೆ ಹೋಗುತ್ತದೆ, ಆಮೇಲಿನದು ನಾನು ಓದಿ ತಿಳಿದದ್ದು, ಕಣ್ಣಿಂದ ನೋಡುವ ಧೈರ್ಯ ನನಗಿರಲಿಲ್ಲ. ಕೋಣೆಯ ಅಮ್ಮ ಓಡಿಹೋಗಿ ತಂದ ಬಾಳೆಹಣ್ಣನ್ನು ಕಿತ್ತುಕೊಂಡು ಸುಲಿದು ಅವನ ಬಾಯಿಯ ಹತ್ತಿರ ಹಿಡಿದೆ.

ಅವನು ಮುಖ ತಿರುಗಿಸಿದ.

"ಮಾವ, ಇನ್ಸುಲಿನ್ ಚುಚ್ಕಂಡಿದ್ದೀಯ. ತಿನ್ಲೇಬೇಕು."

"ಹೆಂಗೆ ತಿನ್ಲಮ್ಮ? ಯಾರಿಗೆ ತೋರಿಸಿ ತಿನ್ಲಿ?"

"ಸತ್ತೋಯ್ತೀಯ!"

"ಹೂಂ" ಅಂದ. ಅಷ್ಟೇ. ಬಾವಿಯ ತಾತನ ಕಥೆ ಹೇಳಿದ್ದನಲ್ಲ, ಅದೇ ದನಿ. ಆಮೇಲೆ ನೀರಿನ ಕಡೆ ನೋಡುತ್ತ, "ಬಾವಿ ಆಗಿದ್ರೆ ಬತ್ತಿಸಬೋದಾಗಿತ್ತು ನೀಲಮ್ಮ" ಅಂದ.

ಆಟೋ ಕರೆದು ಆಸ್ಪತ್ರೆಗೆ ಹೋಗೋಣವೆಂದೆ, ಏಳಲಿಲ್ಲ. ಎಳೆದೆ, ಆಳು ಮಿಸುಕಲಿಲ್ಲ. ಹೋಗಲಿ, ಪ್ರಜ್ಞೆ ತಪ್ಪಲಿ, ಆಗ ಸಕ್ಕರೆ ಬಾಯಿಗೆ ಸವರಿದರಾಯಿತು ಎಂದು ನಾನು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದೆ. ಅದು ಅವನಿಗೆ ಹೇಗೆ ಗೊತ್ತಾಯಿತೋ! "ನಾನು ಬಿದ್ದ ಮ್ಯಾಲೆ ಬಾಯಿಗೆ ಏನಾರ ಹಾಕಿದ್ರೆ, ಎದ್ದ ಮ್ಯಾಲೆ ಸೀದಾ ಅಲ್ಲಿಗೆ ಹೋಯ್ತೀನಿ" ಎಂದು ಕಡಲಿನ ಕಡೆ ಕೈ ತೋರಿಸಿದ. ಅವನು ಬಾಯಿಮಾತಿಗೆ ಹೇಳುವ ಮನುಷ್ಯನಲ್ಲ. ನನಗೆ ಅಳು ಬರಲಿಲ್ಲ, ಕೋಪ ಬಂತು. ಅಂಥ ಕೋಪ ನನಗೆ ಯಾವತ್ತೂ ಬಂದಿರಲಿಲ್ಲ. ಕಲ್ಯಾಣದುರ್ಗದ ಅಯ್ಯನವರಿಗೆ ಫೋನು ಹಚ್ಚಿದೆ. ಮಾವನಿಗೂ ನನಗೂ ಲಿಂಗ ಕಟ್ಟಿದವರು ಅವರೇ. ಅವರೊಂದು ಮಾತು ಹೇಳಿದರೆ ಮಾವ ಕೇಳುತ್ತಾನೆ. ಫೋನು ಹೊಡೆದುಕೊಂಡೇ ಇತ್ತು. ಬೆಳಗಿನ ಹೊತ್ತು, ಅವರೂ ಪೂಜೆಯಲ್ಲಿದ್ದರು. ಮತ್ತೆ ಹಚ್ಚಿದೆ. ಎತ್ತಲಿಲ್ಲ.

ಮಾವ ಏನೋ ಹೇಳಿದ. ನಾಲಿಗೆ ಹೊರಳಲಿಲ್ಲ.

ನನ್ನ ಕೈ ಕೊರಳಿಗೆ ಹೋದದ್ದು ನಾನು ಯೋಚಿಸಿ ಅಲ್ಲ. ಚೂಡಿದಾರಿನ ಒಳಗಿಂದ ಶಿವದಾರ ಹೊರಗೆಳೆದೆ. ತಲೆಯ ಮೇಲಿಂದ ತೆಗೆದು, ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದು, ಬಂಡೆಯ ತುದಿಗೆ ಹೋಗಿ ನಿಂತೆ.

"ಮಾವ, ಇಲ್ಲಿ ನೋಡು. ನೀನು ತಿನ್ನಲ್ಲ ಅಂದ್ರೆ ಇದನ್ನೂ ಎಸೀತೀನಿ. ಇಬ್ರೂ ಇಲ್ದೋರಾಗಾಣ. ನೀನು ಹೋಗೋ ಕಡೆ ನಾನೂ ಬತ್ತೀನಿ."

ಕೋಣೆಯ ಅಮ್ಮ "ಅಯ್ಯಯ್ಯೋ" ಎಂದು ಬಾಯಿಗೆ ಕೈಯಿಟ್ಟುಕೊಂಡಳು. ಮಾವ ನನ್ನನ್ನೇ ನೋಡಿದ. ನಾನು ಹುಟ್ಟಿದ ಮೇಲೆ ಅಯ್ಯನವರು ಲಿಂಗ ಕಟ್ಟುವಾಗ ನನ್ನನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದವನು ಅವನು. ಸೋದರಮಾವನ ಸ್ಥಾನ ಅದು. ಅವನ ಮುಖದಲ್ಲಿ ಆಗ ಕಂಡ ಹೆದರಿಕೆ ತನ್ನ ಲಿಂಗ ಹೋದಾಗಲೂ ಇರಲಿಲ್ಲ. ಎದ್ದು ಬರಲು ನೋಡಿದ, ಕಾಲು ನಿಲ್ಲಲಿಲ್ಲ. ಕೂತಲ್ಲಿಂದಲೇ ಎರಡೂ ಕೈ ಚಾಚಿ, "ಬ್ಯಾಡ ತಾಯಿ, ಬ್ಯಾಡ... ಬ್ಯಾಡ ಕಣೇ..." ಅಂದ. ನಾನು ಕೈ ಎತ್ತಿದೆ.

"ತಿಂತೀನಿ!" ಎಂದು ಕೂಗಿದ. "ಕೊಡೆ ಇಲ್ಲಿ, ತಿಂತೀನಿ!"

ಬಾಳೆಹಣ್ಣನ್ನು ಬಾಯಿಗೆ ತುರುಕಿಕೊಂಡ. ಕೋಣೆಯ ಅಮ್ಮ ತಂದ ಸಕ್ಕರೆ ನೀರನ್ನು ಗಟಗಟ ಕುಡಿದ. ಕುಡಿಯುತ್ತ ಅತ್ತ. ಕಣ್ಣೀರು, ಮೂಗು, ಬಾಳೆಹಣ್ಣು ಎಲ್ಲ ಒಂದಾಯಿತು. "ಹಾಕ್ಕಾ ಕೊರಳಿಗೆ, ಮೊದ್ಲು ಹಾಕ್ಕಾ" ಎಂದು ನಡುನಡುವೆ ಹೇಳುತ್ತಿದ್ದ. ನಾನು ಹಾಕಿಕೊಂಡು ಅವನ ಪಕ್ಕ ಕೂತು, ಅವನ ಬೆನ್ನಿಗೆ ತಲೆಯಿಟ್ಟು ಜೋರಾಗಿ ಅತ್ತೆ.

ಅಯ್ಯನವರು ಆಮೇಲೆ ತಾವೇ ಫೋನು ಮಾಡಿದರು. ಎಲ್ಲ ಕೇಳಿಸಿಕೊಂಡು, "ಕರ್ಕಂಡು ಬಾ" ಅಂದರು. "ದಾರೀಲಿ ಊಟ ಬುದ್ಧಿ?" ಅಂದೆ. "ಅದನ್ನ ನೀನು ಕೇಳಬ್ಯಾಡ, ನಾನು ಹೇಳಲ್ಲ" ಎಂದು ಇಟ್ಟುಬಿಟ್ಟರು. ಮಧ್ಯಾಹ್ನ ಲಾರಿ ಬಂತು. ಖಾದರ್ ನಗುತ್ತ ಕೆಳಗೆ ಹಾರಿದವನು ಮಾವನ ಮುಖ ನೋಡಿ ಏನೂ ಕೇಳದೆ ಹಗ್ಗ ಬಿಚ್ಚತೊಡಗಿದ. ಬಸ್ಸಿಗೆ ಹೋಗೋಣವೆಂದರೆ ಮಾವ ಒಪ್ಪಲಿಲ್ಲ, ಗಾಡಿ ಕಣ್ಣ ಮುಂದಿರುವಾಗ ಬಸ್ಸಿಗೆ ಕಾಯುವುದು ಅವನ ಕೈಲಾಗದು. ಅವನ ಬೈಕು ಲಾರಿಯಲ್ಲೇ ಉಳಿಯಿತು. ನನ್ನದು ಇಳಿಯಿತು. ಉಳವಿಗೆ ಹೊರಟಿದ್ದ ನಾವು ಕಡಲಿಗೆ ಬೆನ್ನು ಮಾಡಿ ಊರಿನ ದಾರಿ ಹಿಡಿದೆವು. ನಾನು ಮುಂದೆ, ಅವನು ಹಿಂದೆ. ಘಟ್ಟದ ಒಂದೊಂದು ತಿರುವಿಗೂ ನಾನು ಬ್ರೇಕು ಹಿಡಿದೆ. ಬೆನ್ನಿಗೆ ಒಂದು ಗುದ್ದೂ ಬೀಳಲಿಲ್ಲ.

ಹೋಟೆಲು ಬಂದಾಗಲೆಲ್ಲ ಮತ್ತೆ ಅದೇ ಕಥೆ. ನಾನು ಗಾಡಿ ನಿಲ್ಲಿಸಿ ಇಡ್ಲಿ ತರಿಸುವುದು, ಅವನು ತಟ್ಟೆ ದೂಡುವುದು. ನಾನು ಸುಮ್ಮನೆ ಕೈಯನ್ನು ಕೊರಳಿಗೆ ಒಯ್ಯುತ್ತಿದ್ದೆ. ತಟ್ಟೆ ಹತ್ತಿರಕ್ಕೆ ಬರುತ್ತಿತ್ತು. ಶಿವಮೊಗ್ಗದಲ್ಲಿ ಮಾಣಿಯೊಬ್ಬ ಇದನ್ನು ನೋಡಿ, "ಮೇಡಂ, ಚೈನು ಜೋಪಾನ, ನೀವು ತುಂಬ ಸಲ ಮುಟ್ಕೊಂಡು ನೋಡ್ತಿದ್ದೀರ" ಅಂದ. ಮಾವನಿಗೆ ಅಷ್ಟರಲ್ಲೂ ನಗು ಬಂತು. "ಚೈನಲ್ಲ ಕಣಪ್ಪ, ಅದು ಇವ್ಳ ಚಾಟಿ" ಅಂದ. ನಗುತ್ತಲೇ ಅವನ ಕಣ್ಣು ತುಂಬಿತು, ನಾನು ಬಿಲ್ಲು ಕೊಡುವ ನೆಪದಲ್ಲಿ ಎದ್ದು ಹೋದೆ.

ಕಲ್ಯಾಣದುರ್ಗದಲ್ಲಿ ಅಯ್ಯನವರ ಹೊಸಿಲ ಆಚೆ ಮಾವ ನಿಂತ. ಒಳಗೆ ಕಾಲಿಡಲಿಲ್ಲ. ಅಯ್ಯನವರು ಬಾಗಿಲಿಗೆ ಬಂದರು. ವಯಸ್ಸಾದ ಜೀವ, ಕೋಲು ಹಿಡಿದು ನಿಂತಿದ್ದರು.

"ತಿಂದ್ಯೇನೋ?"

"ತಿಂದೆ ಬುದ್ಧಿ."

"ಎಷ್ಟು ಸಲ?"

"ಇವ್ಳು ಎಷ್ಟು ಸಲ ಕೊರಳಿಗೆ ಕೈ ಹಾಕಿದ್ಲೋ ಅಷ್ಟು ಸಲ."

ಅಯ್ಯನವರು ನನ್ನ ಕಡೆ ತಿರುಗಿದರು. "ಅವ್ನು ತಿನ್ದೇ ಇದ್ದಿದ್ರೆ ಎಸೀತಿದ್ದೇನಮ್ಮ ನಿಜವಾಗಿ?"

ಅವರ ಮುಂದೆ ಸುಳ್ಳು ಹೇಳುವುದು ಹೇಗೆ? "ಗೊತ್ತಿಲ್ಲ ಬುದ್ಧಿ" ಅಂದೆ.

ಅವರು ಕೋಲು ಊರಿ ಮತ್ತೆ ಮಾವನ ಕಡೆ ತಿರುಗಿದರು. ಹೊಸ ಲಿಂಗ ಕಟ್ಟುವುದಿಲ್ಲ ಅಂದುಬಿಟ್ಟರೆ ಮಾವನನ್ನು ಯಾವ ಬಾಳೆಹಣ್ಣೂ ಉಳಿಸುವುದಿಲ್ಲ ಎಂದು ನನಗೆ ಗೊತ್ತಿತ್ತು. "ನಿಂದು ಹೋದಾಗ ಕೂತಿದ್ದೋನು, ಇವಳದ್ದು ಹೋಯ್ತದೆ ಅಂದಾಗ ಎದ್ದೆಯಲ್ಲ" ಎಂದು ಕೊನೆಗೆ ಅಂದರು. "ಬಾ ಒಳಗೆ. ಸ್ನಾನ ಮಾಡು." ಅವತ್ತು ಹೊಸ ಲಿಂಗ ಕಟ್ಟಿದರು. ಮಾವ ಅದನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು, ಬಲಗೈಯನ್ನು ಮೇಲೆ ಮುಚ್ಚಿ, ಹಣೆಗೆ ಒತ್ತಿಕೊಂಡು, ಹಾಗೇ ಕೂತುಬಿಟ್ಟ. ಅಮ್ಮ ಬಂದು ಭುಜ ಮುಟ್ಟಿ ಎಬ್ಬಿಸಬೇಕಾಯಿತು.

ಆಮೇಲಿನ ಮಾವ ಹೆಚ್ಚುಕಡಿಮೆ ಮೊದಲಿನ ಮಾವನೇ. ರೈಲ್ವೆ ಗೇಟು ಹಾಕಿದ್ದರೆ ಊರು ಸುತ್ತುವುದು ತಪ್ಪಲಿಲ್ಲ. ಆದರೆ ಸೂಜಿಯನ್ನು ಮಾತ್ರ ಪೂಜೆ ಮುಗಿದು ತಟ್ಟೆಯ ಮುಂದೆ ಕೂತ ಮೇಲೆಯೇ ಚುಚ್ಚಿಕೊಳ್ಳುತ್ತಿದ್ದ. ಪೂಜೆಯ ಕೋಣೆಗೆ ಅಗುಳಿ ಹಾಕಿಸಿದ. ನನ್ನನ್ನು ಕಂಡ ಕೂಡಲೇ ಅವನ ಮೊದಲ ಮಾತು "ಐತಾ?" ಎಂದು. ಅಂಗಡಿಯಲ್ಲಿ ಗಿರಾಕಿಗಳಿದ್ದರೂ ಸರಿ, ಮದುವೆ ಮನೆಯಾದರೂ ಸರಿ. ನಾನು ಎದೆ ಮುಟ್ಟಿ "ಐತೆ" ಅನ್ನಬೇಕು. ಅನ್ನುವವರೆಗೂ ಮುಂದಿನ ಮಾತಿಲ್ಲ. ಒಮ್ಮೆ ರೇಗಿ, "ಇಲ್ಲ, ಮಾರ್ಕಂಡೆ" ಅಂದೆ. ಮುಖ ಹೇಗಾಯಿತೆಂದರೆ, ಅವತ್ತಿನಿಂದ ಆ ತಮಾಷೆ ಬಿಟ್ಟೆ. ಉಳವಿಯನ್ನು ಮುಂದಿನ ಸುಗ್ಗಿಗೆ, ಮತ್ತೆ ಅದರ ಮುಂದಿನ ಸುಗ್ಗಿಗೆ ದೂಡುತ್ತ ಬಂದೆವು.

ಕಳೆದ ವರ್ಷ ಹುಣಸೆ ಬರುವ ಕಾಲದಲ್ಲಿ, ಒಂದು ಬೆಳಿಗ್ಗೆ, ಮಂಡಿಯಲ್ಲಿ ಪೂಜೆ ಮುಗಿಸಿ ಹೊರಗೆ ಬಂದವನು ಮೂಟೆಗೆ ಒರಗಿ ಕೂತ. ಆಳು ನೀರು ತರುವಷ್ಟರಲ್ಲಿ ಹೋಗಿಬಿಟ್ಟಿದ್ದ. ಎದೆಯದು ಅಂದರು. ಹೋಗುವುದರಲ್ಲೂ ಅದೇ ಅವಸರ. ಅಮ್ಮ ಅಳುತ್ತ ಬೈದಳು, ಬೈಯುತ್ತ ಅತ್ತಳು.

ಸೋಮಂದೇಪಲ್ಲಿ ದಾರಿಯಲ್ಲಿದ್ದ ಅವನ ಹೊಲದಲ್ಲೇ ಗುಂಡಿ ತೋಡಿದ್ದರು. ನಮ್ಮ ಪದ್ಧತಿಯಂತೆ ಪದ್ಮಾಸನದಲ್ಲಿ ಕೂರಿಸಿದರು. ಹಣೆಗೆ, ತೋಳಿಗೆ, ಎದೆಗೆ ವಿಭೂತಿ. ಅಯ್ಯನವರನ್ನು ಇಬ್ಬರು ಹಿಡಿದು ಇಳಿಸಿದರು. ಅವರು ಕರಡಿಗೆ ಬಿಚ್ಚಿ, ಲಿಂಗ ತೆಗೆದು, ಮಾವನ ಎಡ ಅಂಗೈಯಲ್ಲಿ ಇಟ್ಟರು. ಬೆರಳುಗಳು ಸೆಟೆದಿದ್ದವು, ಮಡಚಲಿಲ್ಲ. ಲಿಂಗ ಅಂಗೈಯ ಅಂಚಿಗೆ ಜಾರಿತು. ಅಯ್ಯನವರು ಹಿಡಿದುಕೊಂಡು ಮತ್ತೆ ಇಟ್ಟರು, ಮತ್ತೆ ಜಾರಿತು. ಅವರು ತಲೆಯೆತ್ತಿ ಮೇಲೆ ನಿಂತವರನ್ನು ನೋಡಿದರು. "ನೀಲಮ್ಮ, ನೀನು ಬಾ" ಅಂದರು. ಹೆಂಗಸರು ಗುಂಡಿಗೆ ಇಳಿಯುವುದು ಬೇಡವೆಂದು ಯಾರೋ ಗೊಣಗಿದರು. ಅಯ್ಯನವರು ಕೇಳಿಸಿಕೊಳ್ಳಲಿಲ್ಲ.

ನಾನು ಇಳಿದೆ. ಆ ಕೈಯನ್ನು ನನ್ನ ಎರಡೂ ಕೈಯಲ್ಲಿ ಹಿಡಿದು, ಬಿಸಿಯಾಗುವವರೆಗೂ ತಿಕ್ಕಿದೆ. ಒಂದೊಂದೇ ಬೆರಳನ್ನು ನಿಧಾನವಾಗಿ ಬಗ್ಗಿಸಿ ಲಿಂಗದ ಮೇಲೆ ಮುಚ್ಚಿ, ಶಿವದಾರವನ್ನು ಮಣಿಕಟ್ಟಿಗೆ ಸುತ್ತಿ ಗಂಟು ಹಾಕಿದೆ. ಮೇಲೆ ಬರುವಂತೆ ಕೈ ಕೊಟ್ಟರು. ನಾನು ಮೇಲೆ ಬಂದು ಅಂಚಿನಲ್ಲೇ ಕೂತೆ.

ಆಮೇಲೆ ಉಪ್ಪಿನ ಮೂಟೆಗಳನ್ನು ಬಿಚ್ಚಿದರು. ಸಮಾಧಿಗೆ ವಿಭೂತಿ, ಉಪ್ಪು ತುಂಬುವುದು ನಮ್ಮಲ್ಲಿ ಮೊದಲಿಂದ ಬಂದದ್ದು, ನಾನು ಎಷ್ಟೋ ಸಲ ನೋಡಿದ್ದೆ. ಅವತ್ತು ಮಾತ್ರ ಉಪ್ಪಿನ ವಾಸನೆ ಮೂಗಿಗೆ ಬಡಿದ ಕೂಡಲೇ ಆ ಕಡಲ ಬಂಡೆ ಕಣ್ಣ ಮುಂದೆ ಬಂತು. ಬೆಳ್ಳಗೆ ಸುರಿದು ಸುರಿದು ಉಪ್ಪು ಅವನ ಮೊಣಕಾಲಿಗೆ ಬಂತು, ಮಡಿಲಿಗೆ ಬಂತು, ಆ ಎಡಗೈಯ ಹತ್ತಿರಕ್ಕೆ ಬಂತು.

"ಗಟ್ಟಿಯಾಗಿ ಹಿಡ್ಕಾ ಮಾವ" ಅಂದೆ. "ಬಿಡಬ್ಯಾಡ. ಗಟ್ಟಿಯಾಗಿ ಹಿಡ್ಕಾ."

ಅಮ್ಮ ನನ್ನ ಭುಜ ಹಿಡಿದು ಹಿಂದಕ್ಕೆಳೆದಳು. ಉಪ್ಪು ಅವನ ಮುಷ್ಟಿಯನ್ನು ಪೂರ್ತಿ ಮುಚ್ಚುವವರೆಗೂ ನಾನು ಹೇಳುತ್ತಲೇ ಇದ್ದೆ.